ಕುತ್ತಿಗಿ ಗಂಟಿಗೆ ಥೈರಾಯ್ಡ್ ಸ್ಕ್ಯಾನ್ ಬೇಕೇನ್ರಿ?

ಪ್ರಶ್ನೆ: ನಮ್ಮವ್ವಗ 48 ವರ್ಷ. ಕುತ್ತಿಗ್ಯಾಗ ಗಂಟಾಗೇತಿ, ಎದಿ ಡವಡವ ಅಂತೈತಿ, ಚಲೋ ಉಂಡ್ರೂ ತೂಕ ಇಳಿಯಾಕತ್ತೈತಿ. ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸಿದ್ರ ಟಿಎಸ್‌ಎಚ್ 0.05 ಅಂತ ಭಾಳ ಕಡಿಮಿ ಬಂದೈತಿ. ಅಲ್ಟ್ರಾಸೌಂಡ್ ರಿಪೋರ್ಟಿನ್ಯಾಗ 1.8 ಸೆಂ.ಮೀ. ಗಂಟು, ಟಿರಾಡ್ಸ್ 3 (ಕ್ಯಾನ್ಸರ್ ಸಂಶಯ ಎಷ್ಟು ಅಂತ ಹೇಳೂ ದರ್ಜೆ, 3 ಅಂದ್ರ ಕಡಿಮಿ ಸಂಶಯ) ಅಂತ ಬರದಾರ. ಡಾಕ್ಟರ್ ಹುಬ್ಬಳ್ಳಿಗೆ ಹೋಗಿ ಥೈರಾಯ್ಡ್ ಸ್ಕ್ಯಾನ್ ಮಾಡಿಸ್ಕೊಂಡ ಬರ್ರಿ ಅಂದಾರ. ಮನ್ಯಾಗ ನೋಡಿದ್ರ, ಅದು ರೇಡಿಯೇಶನ್ನು, ಎಂಆರ್‌ಐನ ಮಾಡಿಸಿಬಿಡೂಣು ಅಂತಾರ. ಏನ್ ಮಾಡೂದ್ರಿ?
— ಓದುಗರು, ಗದಗ-ಬೆಟಗೇರಿ

ಉತ್ತರ: ಡಾಕ್ಟರ್ ಹೇಳಿದ್ದ ಸ್ಕ್ಯಾನನ್ನ ಮಾಡಸ್ರಿ, ಎಂಆರ್‌ಐ ಬ್ಯಾಡ. ಟಿಎಸ್‌ಎಚ್ ಅನ್ನೂದು ಥೈರಾಯ್ಡಿಗೆ ಹಾರ್ಮೋನ್ ಮಾಡು ಅಂತ ಹೇಳೂ ಸಂದೇಶ, ಹಾರ್ಮೋನ್ ಹೆಚ್ಚಾದ್ರ ಅದು ಇಳೀತೈತಿ. ಅದು ಅಷ್ಟು ಕೆಳಗ ಹೋಗಿ ಎದಿನೂ ಬಡ್ಕೊಳ್ಳಾಕತ್ತೈತಿ ಅಂದ್ರ ಮೈಯಾಗ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಿರಬೇಕು, ಆ ಹಾರ್ಮೋನ್ ಅಳಿಯೂ ರಕ್ತಪರೀಕ್ಷೆ ಟಿ3 ಟಿ4 ಮಾಡಿಸಿರದಿದ್ರ ಅದನ್ನೂ ಮಾಡಸ್ರಿ. ಈಗ ಗೊತ್ತಾಗಬೇಕಾದ್ದು ಏನಪಾ ಅಂದ್ರ ಆ ಹಾರ್ಮೋನ್ ಈ ಗಂಟೊಂದ ತಯಾರ ಮಾಡಾಕತ್ತೈತೋ, ಇಡೀ ಗ್ರಂಥಿನ ಮಾಡಾಕತ್ತೈತೋ, ಇಲ್ಲಾ ಬಾವು ಬಂದು ಒಳಗಿದ್ದದ್ದು ಸೋರಾಕತ್ತೈತೋ ಅನ್ನೂದು, ಯಾಕಂದ್ರ ಮೂರಕ್ಕೂ ಔಷಧ ಬ್ಯಾರೆ ಬ್ಯಾರೆ. ಅಲ್ಟ್ರಾಸೌಂಡ್, ಎಂಆರ್‌ಐ ಗಂಟಿನ ಆಕಾರ ತೋರಸ್ತಾವ, ಅದು ಹಾರ್ಮೋನ್ ಮಾಡತೈತೋ ಇಲ್ಲೋ ಹೇಳೂದಿಲ್ಲ. ಅದನ್ನ ಹೇಳೂದು ಈ ಥೈರಾಯ್ಡ್ ಸ್ಕ್ಯಾನ್.

ಸ್ಕ್ಯಾನಿಗೆ ಅಂಜಬ್ಯಾಡ್ರಿ. ಕೈ ನರಕ್ಕ ಸ್ವಲ್ಪ ರೇಡಿಯೇಶನ್ ಸೂಸೂ ಟೆಕ್ನೀಶಿಯಂ ಇಂಜೆಕ್ಷನ್ ಕೊಟ್ಟು, ಸುಮಾರು 20 ನಿಮಿಷ ಬಿಟ್ಟು, ಹೆಗಲ ಕೆಳಗ ದಿಂಬು ಇಟ್ಟು ಕುತ್ತಿಗಿ ಹಿಂದಕ್ಕ ಬಾಗಿಸಿ ಮಲಗಸ್ತಾರ, ಮ್ಯಾಲ ಆ ರೇಡಿಯೇಶನ್ ಹಿಡದು ಚಿತ್ರ ತಗಿಯೂ ಗಾಮಾ ಕ್ಯಾಮೆರಾ ಬರತೈತಿ, ಅಲುಗಾಡದ ಮಲ್ಕೊಂಡ್ರ ಸಾಕು. ರೇಡಿಯೇಶನ್ ಕಡಿಮಿ, ಪ್ರತಿ 6 ತಾಸಿಗೆ ಅರ್ಧ ಆಕ್ಕೋಂತ ಹೋಗತೈತಿ. ಗಂಟಷ್ಟ ಎದ್ದು ಕಂಡು ಉಳಿದ ಗ್ರಂಥಿ ಮಸುಕಾಗಿದ್ರ ಅದಕ್ಕ ಹಾಟ್ ನಾಡ್ಯೂಲ್ ಅಂತಾರ, ಅಂಥಾದ್ರಾಗ ಕ್ಯಾನ್ಸರ್ ಭಾಳ ಅಪರೂಪ, ಸೂಜಿ ಹಾಕಿ ನೋಡೂ ಪ್ರಸಂಗನೂ ಸಾಮಾನ್ಯವಾಗಿ ಬರೂದಿಲ್ಲ. ಕೋಲ್ಡ್, ಅಂದ್ರ ಗಂಟ ಮಸುಕಾಗಿ ಕಂಡೈತಿ ಅಂತ ಬಂದ್ರೂ ಎದಿ ಒಡಕೋಬ್ಯಾಡ್ರಿ, ಕೋಲ್ಡ್ ಗಂಟಿನ್ಯಾಗೂ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಟಿರಾಡ್ಸ್ 3 ಇದ್ದಾಗ ಸಾಮಾನ್ಯವಾಗಿ 2.5 ಸೆಂ.ಮೀ. ದಾಟಿದ ಮ್ಯಾಲನ ಸೂಜಿ ಪರೀಕ್ಷೆ, ಅಲ್ಲೀತನಕ ಆಗಾಗ ಅಲ್ಟ್ರಾಸೌಂಡ್.

ಹೋಗೂ ಮೊದ್ಲ ಒಂದ್ ಮಾತು. ಈಗಿತ್ಲಾಗ ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ರ ಹೇಳಾಕ ಮರೀಬ್ಯಾಡ್ರಿ, ಅದರಾಗಿನ ಅಯೋಡಿನ್ ವಾರಗಟ್ಟಲೆ ಮೈಯಾಗ ಉಳದು ಈ ಸ್ಕ್ಯಾನಿನ ಫಲಿತಾಂಶನ ಕೆಡಸತೈತಿ. ಥೈರಾಯ್ಡ್ ಗುಳಿಗಿ ನಡದಿದ್ರ ಅದನ್ನೂ, ಮುಟ್ಟು ಇನ್ನೂ ನಿಂತಿರದಿದ್ರ ಅದನ್ನೂ ಹೇಳ್ರಿ, ಬಸಿರಿದ್ದಾಗ ಈ ಸ್ಕ್ಯಾನ್ ಮಾಡೂದಿಲ್ಲ. ಸ್ಕ್ಯಾನಿನ ತಾರೀಖು ದೂರ ಸಿಕ್ರ ಅಲ್ಲೀತನಕ ಸುಮ್ನ ಕುಂದರಬ್ಯಾಡ್ರಿ, ಗದಗಿನ್ಯಾಗನ ಒಂದು ಇಸಿಜಿ ತಗಸಿ, ಎದಿ ಬಡಿತ ಹತೋಟಿಗೆ ತರೂ ಗುಳಿಗಿ ಬೇಕೇನಂತ ನಿಮ್ಮ ಡಾಕ್ಟರ್‌ನ ಈ ವಾರನ ಕೇಳ್ರಿ.