ಓದುಗರ ಪ್ರಶ್ನೆ: ದೇವರ ಕರೆ ಸಭಾಪಾಲಕರಿಗಷ್ಟೇ ಬರುತ್ತದೆಯೇ?

ಪ್ರಶ್ನೆ: ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಅಧ್ಯಾಪಕ. ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ವಿದ್ಯಾರ್ಥಿಗಳು ನನ್ನೊಡನೆ ಕುಳಿತು ಮುಂದಿನ ದಾರಿಯ ಬಗ್ಗೆ ಮಾತನಾಡುತ್ತಾರೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಲಿರುವ ಒಬ್ಬಳಿಗೆ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಗುವಂತಿದೆ. ತಂದೆತಾಯಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರು ಎನ್ನುತ್ತಾರೆ. ಆಕೆಗೋ, ಸಭೆಯ ಪೂರ್ಣಾವಧಿ ಸೇವೆಗೆ ಹೋಗದಿದ್ದರೆ ದೇವರ ಕರೆಯನ್ನು ತಳ್ಳಿಹಾಕಿದಂತಾಗುವುದೇ ಎಂಬ ಅಳುಕು. ನಾನು ಹೇಗೆ ನೆರವಾಗಲಿ?

ಉತ್ತರ: ಮೊದಲು ಆ ಅಳುಕನ್ನು ಕಳೆಯಿರಿ. ‘ಸೇವೆ’ ಎಂಬ ಮಾತಿಗೆ ನಾವೇ ಬೇಲಿ ಹಾಕಿಕೊಂಡಿದ್ದೇವೆ. ಅಪೊಸ್ತಲ ಪೌಲನು ಕರೆ ಎಂದಾಗ ಅದು ಮೊದಲಿಗೆ ಕ್ರಿಸ್ತನ ಬಳಿಗೆ ಬರುವ ಕರೆ, ವಿಶ್ವಾಸಿಗಳೆಲ್ಲರಿಗೂ ಸಲ್ಲುವಂಥದ್ದು. ಅವನು ತಾನೇ ಗುಡಾರ ಹೊಲಿದು ಹೊಟ್ಟೆ ಹೊರೆದವನು. ಬೈಬಲಿನ ವಿಮೋಚನಕಾಂಡದಲ್ಲಿ ದೇವರಾತ್ಮಭರಿತನೆಂದು ಹೇಳಿರುವ ಬೆಚಲೇಲನು ಚಿನ್ನ, ತಾಮ್ರ, ಮರಗಳ ಕುಶಲಕರ್ಮಿ. ಬಸವಣ್ಣನವರ ಈ ಸೀಮೆಯಲ್ಲಿದ್ದೂ ದುಡಿಮೆಯನ್ನು ದೇವರಿಂದ ಬೇರೆಯಿಡುವ ಯೋಚನೆ ನಮ್ಮವರಿಗೆ ಹೇಗೆ ಅಂಟಿಕೊಂಡಿತೋ ನಾನರಿಯೆ.

ಇನ್ನು ಆ ಪ್ರಯೋಗಾಲಯದ ಕೆಲಸ. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) ಸಕ್ಕರೆಯ ಇಳುವರಿಗೆ, ಎಂದರೆ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಕ್ಕಿತೆಂಬುದಕ್ಕೆ, ತಗುಲಿಕೊಂಡಿದೆಯೆಂಬುದು ನಿಮ್ಮ ಜಿಲ್ಲೆಯ ರೈತರೆಲ್ಲರಿಗೂ ಗೊತ್ತು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಗೊತ್ತುಪಡಿಸಿದೆ. ಅದಕ್ಕಿಂತ ಹೆಚ್ಚುವ ಪ್ರತಿ ಶೇ. 0.1ಕ್ಕೆ 3 ರೂಪಾಯಿ 46 ಪೈಸೆ ಕೂಡುತ್ತದೆ, ಎಂದರೆ ಟನ್ನಿಗೆ 34 ರೂಪಾಯಿ 60 ಪೈಸೆ. ಆ ಇಳುವರಿಯ ಲೆಕ್ಕಕ್ಕಾಗಿ ರಸದ ಬ್ರಿಕ್ಸ್ (ಕರಗಿರುವ ಘನಾಂಶ) ಮತ್ತು ಪೋಲ್ (ಸಕ್ಕರೆಯ ಅಂಶ) ಅಳೆದು, ಸಿಪ್ಪೆಯಲ್ಲೂ ಕಾಕಂಬಿಯಲ್ಲೂ ಎಷ್ಟು ಸಕ್ಕರೆ ಉಳಿದುಹೋಯಿತೆಂದು ಲೆಕ್ಕವಿಡುವ ಕೈ ಆಕೆಯದಾಗಬಹುದು. ತೂಕದಲ್ಲಿಯೂ ಅಳತೆಯಲ್ಲಿಯೂ ಅನ್ಯಾಯ ಮಾಡಬಾರದೆಂದು ಯಾಜಕಕಾಂಡ ಆಜ್ಞಾಪಿಸುವಾಗ ಅದು ಇಂಥ ಮೇಜಿಗೂ ಅನ್ವಯಿಸುತ್ತದೆ.

ಆದರೆ ಇದನ್ನು ನೀವೇ ಉಪದೇಶಿಸಿ ತೀರ್ಪು ಕೊಡಬೇಡಿ. ಕಾರ್ಖಾನೆಯಲ್ಲಿ ಹತ್ತಾರು ಹಂಗಾಮು ಕಳೆದ ಕೆಮಿಸ್ಟ್ ಒಬ್ಬರನ್ನು, ಸಾಧ್ಯವಾದರೆ ದಾದಿಯೊಬ್ಬರನ್ನೂ ಲೋಕೋಪಯೋಗಿ ಇಲಾಖೆಯ ಎಂಜಿನಿಯರರನ್ನೂ ನಿಮ್ಮ ಭಾನುವಾರದ ಕೂಟಕ್ಕೆ ಕರೆಯಿರಿ. ಅವರು ತಮ್ಮ ವಿಶ್ವಾಸದ ಸಾಕ್ಷಿ ಹೇಳುವುದು ಬೇಡ. ಅಂಕಿ ತಿದ್ದು ಎಂದು ಮೇಲಿನವರು ಹೇಳಿದ ದಿನ ಏನು ಮಾಡಿದರು, ಯಾವಾಗ ಸೋತರು ಎಂಬುದನ್ನು ಹೇಳಲಿ. ವಿದ್ಯಾರ್ಥಿಗಳಿಗೆ ಬೇಕಾದದ್ದು ಆ ಮಾತು.

ತಂದೆತಾಯಿಯ ಆಸೆಯನ್ನು ಅವಿಶ್ವಾಸವೆನ್ನಬೇಡಿ. ಸಾಲವಿರುವ ಮನೆಯಲ್ಲಿ ತಿಂಗಳ ಸಂಬಳವನ್ನು ಬಯಸುವುದು ತಪ್ಪಲ್ಲ, ಮನೆಯವರನ್ನು ಸಲಹುವುದೂ ಕರೆಯ ಒಳಗಿನದೇ.

ಹಾಗೆಂದು ಸಭಾಪಾಲನೆಯ ಕರೆ ಆಕೆಗಿಲ್ಲವೆಂದೂ ನಾನು ಹೇಳಲಾರೆ. ಅದನ್ನು ಅಳುಕಿನಿಂದ ಅಳೆಯಲಾಗದು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದಾಳೆಯೇ, ದುಃಖದಲ್ಲಿರುವವರು ತಾವಾಗಿಯೇ ಆಕೆಯನ್ನು ಹುಡುಕಿಕೊಂಡು ಬರುತ್ತಾರೆಯೇ ಎಂದು ಸಭೆಯ ಹಿರಿಯರನ್ನು ಕೇಳಿ. ಅವರೂ ಹೌದೆಂದರೆ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಆಕೆ ಒಮ್ಮೆ ಹೋಗಿ, ಅಲ್ಲಿನ ವಿದ್ಯಾರ್ಥಿನಿಯರೊಡನೆ ಮಾತನಾಡಿ ಬರಲಿ. ಕಾರ್ಖಾನೆಗೆ ಉತ್ತರ ಕೊಡಲು ಎಷ್ಟು ದಿನ ಉಳಿದಿವೆಯೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ.