ಬೆಂಡ್ ಮಾಡಿದ ಮೇಲೆ ಜಿ ತಂತಿಯ ಶ್ರುತಿ ಇಳಿಯುತ್ತಿದ್ದರೆ ಟ್ಯೂನಿಂಗ್ ಕೀ ಬದಲಿಸಬೇಕೆ?

ನಿಮ್ಮ ಗಿಟಾರಿಗೆ 9ರ ತಂತಿಗಳ ಸೆಟ್ ತೆಗೆದು ಅದಕ್ಕಿಂತ ದಪ್ಪವಾದ 10ರ ಸೆಟ್ ಹಾಕಿದಂದಿನಿಂದ, ಬೆಂಡ್ ಮಾಡಿ (ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರ ಏರಿಸಿ) ಬಿಟ್ಟಾಗಲೆಲ್ಲ ಜಿ ತಂತಿ ಇಳಿಶ್ರುತಿಯಲ್ಲಿ ನಿಲ್ಲುತ್ತದೆ, ಟ್ರೆಮೊಲೊ ಆರ್ಮ್ (ತಂತಿಗಳನ್ನು ಸಡಿಲಿಸಿ ಬಿಗಿಸಿ ಸ್ವರ ಅಲುಗಿಸುವ ಸಲಾಕೆ) ಒತ್ತಿ ಬಿಟ್ಟರೆ ಅದೇ ತಂತಿ ಏರಿ ನಿಲ್ಲುತ್ತದೆ, ಆರೂ ಟ್ಯೂನಿಂಗ್ ಕೀಗಳನ್ನು ಬದಲಿಸುವಂತೆ ಪರಿಚಿತರೊಬ್ಬರು ಹೇಳಿದ್ದಾರೆ, ಬದಲಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬದಲಿಸಬೇಡಿ. ನೀವು ಹೇಳಿರುವ ಎರಡು ಲಕ್ಷಣಗಳು ಒಂದೇ ತಂತಿಯಲ್ಲಿ ಜೊತೆಯಾಗಿ ಕಾಣಿಸಿಕೊಂಡರೆ, ದೋಷ ಹೆಚ್ಚಾಗಿ ಇರುವುದು ಕೀಯಲ್ಲಿ ಅಲ್ಲ, ತಂತಿ ಹಾದುಹೋಗುವ ನಟ್‌ನ ಗಾಡಿಯಲ್ಲಿ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳಿಗೆ ಆಸರೆಯಾಗಿರುವ ಪಟ್ಟಿಯ ಸೀಳಿನಲ್ಲಿ.

ಕೀಯ ಮೇಲೆ ಸಂದೇಹ ಬರುವುದು ಸಹಜ, ಏಕೆಂದರೆ ಶ್ರುತಿ ಮಾಡುವಾಗ ನಮ್ಮ ಕೈಯಲ್ಲಿರುವುದು ಅದೊಂದೇ. ಆದರೆ ಅದರ ಒಳಗಿರುವುದು ತಿರುಪಿನಂತಹ ಒಂದು ದಂಡ ಮತ್ತು ಅದಕ್ಕೆ ಕಚ್ಚಿಕೊಂಡ ಹಲ್ಲುಚಕ್ರ. ದಂಡ ಚಕ್ರವನ್ನು ತಿರುಗಿಸಬಲ್ಲದು, ಆದರೆ ತಂತಿ ಎಷ್ಟೇ ಎಳೆದರೂ ಚಕ್ರವು ದಂಡವನ್ನು ಹಿಮ್ಮುಖವಾಗಿ ತಿರುಗಿಸಲಾರದು. ಆದ್ದರಿಂದ ತೀರ ಸವೆದುಹೋಗಿಲ್ಲದ ಕೀ ತಾನಾಗಿ ಸಡಿಲಗೊಳ್ಳುವುದು ಅಪರೂಪ. ಚಲಿಸುವುದು ತಂತಿ. ಬೆಂಡ್ ಮಾಡುವಾಗ ಕೀ ಮತ್ತು ನಟ್ ನಡುವಿನ ತುಣುಕಿನಿಂದ ಸ್ವಲ್ಪ ತಂತಿ ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳ ಇನ್ನೊಂದು ತುದಿಯನ್ನು ಹಿಡಿದಿರುವ ಭಾಗ) ಕಡೆಗೆ ಜಾರುತ್ತದೆ, ಬೆರಳು ಬಿಟ್ಟೊಡನೆ ಅಷ್ಟೂ ಹಿಂದಕ್ಕೆ ಬರಬೇಕು. ಗಾಡಿ ಬಿಗಿಯಾಗಿದ್ದರೆ ಅದು ನಡುದಾರಿಯಲ್ಲೇ ನಿಲ್ಲುತ್ತದೆ, ನುಡಿಯುವ ಭಾಗದಲ್ಲಿ ತಂತಿ ಹೆಚ್ಚಾಗಿ ಉಳಿದು ಶ್ರುತಿ ಇಳಿಯುತ್ತದೆ. ಆರ್ಮ್ ಒತ್ತಿದಾಗ ಆಗುವುದು ಇದರ ತಿರುಗುಮುರುಗು: ನುಡಿಯುವ ಭಾಗ ಸಡಿಲವಾದ್ದರಿಂದ ತಂತಿ ಕೀಯ ಕಡೆಗೆ ಸರಿಯುತ್ತದೆ, ಆರ್ಮ್ ಬಿಟ್ಟಾಗ ಪೂರ್ತಿ ಮರಳದೆ ಶ್ರುತಿ ಏರುತ್ತದೆ. ಕೀ ಜಾರುತ್ತಿದ್ದರೆ ಶ್ರುತಿ ಯಾವಾಗಲೂ ಇಳಿಯಬೇಕೇ ಹೊರತು ಏರುವುದಕ್ಕೆ ಕಾರಣವೇ ಇಲ್ಲ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಜಿ ತಂತಿಯನ್ನು ಟ್ಯೂನರಿನಲ್ಲಿ ಸರಿಯಾಗಿ ಹೊಂದಿಸಿ, ಏಳನೆಯ ಫ್ರೆಟ್‌ನಲ್ಲಿ ಒಂದು ಪೂರ್ಣ ಸ್ವರದಷ್ಟು ಬೆಂಡ್ ಮಾಡಿ ಬಿಟ್ಟು, ಖಾಲಿ ತಂತಿಯನ್ನು ಮೀಟಿ. ಮುಳ್ಳು ಎಡಕ್ಕೆ ವಾಲಿರುತ್ತದೆ. ಈಗ ಕೀಯನ್ನು ಮುಟ್ಟದೆ, ನಟ್ ಮತ್ತು ಕೀಯ ನಡುವೆ ಇರುವ ತುಣುಕನ್ನು ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟು ಮತ್ತೆ ಮೀಟಿ. ಮುಳ್ಳು ನಡುವಿಗೆ ಬಂದು ನಿಂತರೆ ಸಿಕ್ಕಿಕೊಂಡಿದ್ದ ತಂತಿಯನ್ನು ನೀವು ಎಳೆದು ಬಿಡಿಸಿದಿರಿ ಎಂದು ಅರ್ಥ, ತಪ್ಪು ನಟ್‌ನದೇ. ಬಾರದೆ ಇಳಿದೇ ಉಳಿದರೆ ತಂತಿ ಕೀಯ ಕಂಬದ ಮೇಲೆ ಜಾರುತ್ತಿದೆ ಅಥವಾ ಇನ್ನೂ ಕುಳಿತುಕೊಂಡಿಲ್ಲ. ಇನ್ನೊಂದು ಗುರುತೂ ಇದೆ. ಕೋಣೆ ನಿಶ್ಶಬ್ದವಾಗಿರುವಾಗ, ಆಂಪ್ಲಿಫೈಯರ್ ಇಲ್ಲದೆ, ನಟ್‌ನ ಹತ್ತಿರ ಕಿವಿಯಿಟ್ಟು ಕೀಯನ್ನು ಬಹಳ ನಿಧಾನವಾಗಿ ತಿರುಗಿಸಿ. ಸ್ವರ ಎಳೆದಂತೆ ಏರುವ ಬದಲು ಸ್ವಲ್ಪ ಹೊತ್ತು ಅಲ್ಲೇ ನಿಂತು, 'ಟಿಂಗ್' ಎಂಬ ಸಣ್ಣ ಸದ್ದಿನೊಡನೆ ಒಮ್ಮೆಗೇ ಹಾರಿದರೆ, ಆ ಸದ್ದೇ ನಿಮ್ಮ ಉತ್ತರ.

ನಾನು ಈ ಸದ್ದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡೂ ಗಮನಿಸಿರಲಿಲ್ಲ. ನನ್ನ ಗಿಟಾರಿನಲ್ಲಿ ಇದೇ ತೊಂದರೆ ಇದ್ದಾಗ ಆರೂ ಕೀಗಳನ್ನು ತೆಗೆಸಿ ಹೊಸದು ಹಾಕಿಸಿದ್ದೆ, ಮೊದಲ ದಿನದ ಮೊದಲ ಬೆಂಡ್‌ಗೇ ಜಿ ತಂತಿ ಹಿಂದಿನಷ್ಟೇ ಇಳಿಯಿತು. ಕೊನೆಗೆ ತಂತಿಯನ್ನು ಸಡಿಲಿಸಿ ಗಾಡಿಯಿಂದ ಮೇಲೆತ್ತಿದಾಗ, ಅದು ಸಲೀಸಾಗಿ ಎದ್ದು ಬರುವ ಬದಲು ಕಚ್ಚಿ ಹಿಡಿದಂತಿದ್ದು ಚಿಮ್ಮಿ ಹೊರಬಂದಿತು. ಆ ಕ್ಷಣದಲ್ಲಿ ವಿಷಯ ಸ್ಪಷ್ಟವಾಯಿತು. ಅದಕ್ಕಾಗಿಯೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ತೊಂದರೆ ತಂತಿಯ ದಪ್ಪ ಬದಲಾದ ದಿನದಿಂದಲೇ ಶುರುವಾಗಿರುವುದು ಆಕಸ್ಮಿಕವಲ್ಲ. ಸಾಮಾನ್ಯ 9ರ ಸೆಟ್‌ನಲ್ಲಿ ಜಿ ತಂತಿ 0.016 ಇಂಚು, 10ರ ಸೆಟ್‌ನಲ್ಲಿ 0.017 ಇಂಚು, ದಪ್ಪ ಇ ತಂತಿಯಂತೂ 0.042ರಿಂದ 0.046ಕ್ಕೆ ಹೋಗುತ್ತದೆ. ಹಳೆಯ ತಂತಿಯ ಅಳತೆಗೇ ಕೊರೆದ ಗಾಡಿಯಲ್ಲಿ ಹೊಸ ತಂತಿ ಬೆಣೆಯಂತೆ ಕೂರುತ್ತದೆ. ಮೊದಲು ಸುಲಭದ ಉಪಾಯ ಮಾಡಿ: ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಮೃದುವಾದ ಪೆನ್ಸಿಲ್ಲಿನ ಮೊನೆಯನ್ನು ಗಾಡಿಯಲ್ಲಿ ಹಲವು ಬಾರಿ ಎಳೆದು, ಗ್ರಾಫೈಟಿನ ಪುಡಿ ತಳದಲ್ಲೂ ಗೋಡೆಗಳಲ್ಲೂ ಹತ್ತುವಂತೆ ಮಾಡಿ ತಂತಿಯನ್ನು ಮತ್ತೆ ಕೂರಿಸಿ. ಘರ್ಷಣೆಯಷ್ಟೇ ಕಾರಣವಾಗಿದ್ದರೆ ಇದೊಂದರಿಂದಲೇ ಗುಣ ಕಾಣುತ್ತದೆ. ಗಾಡಿಯೇ ಕಿರಿದಾಗಿದ್ದರೆ ಪೆನ್ಸಿಲ್ ಕೆಲವು ದಿನ ಮಾತ್ರ ಕಾಪಾಡುತ್ತದೆ, ಆಗ ತಂತಿಯ ದಪ್ಪಕ್ಕೆ ತಕ್ಕ ನಟ್ ಅರದಿಂದ ಅಗಲಿಸಲೇಬೇಕು. ಅಗಲಿಸುವಾಗ ಗೋಡೆಗಳನ್ನು ಮಾತ್ರ ಉಜ್ಜಬೇಕು, ತಳವನ್ನು ಆಳ ಮಾಡಬಾರದು. ತಳ ಒಂದು ಕೂದಲೆಳೆಯಷ್ಟು ಹೆಚ್ಚು ಇಳಿದರೂ ಖಾಲಿ ತಂತಿ ಮೊದಲ ಫ್ರೆಟ್‌ಗೆ ತಗುಲಿ ಝೇಂಕರಿಸುತ್ತದೆ, ಕಳೆದುಕೊಂಡ ಆ ಎತ್ತರವನ್ನು ಮರಳಿ ತರುವುದು ಕಷ್ಟ. ಗಾಡಿಯ ತಳ ಕೀಗಳ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ತಂತಿ ನಟ್‌ನಿಂದ ಹೊರಡುವ ಬಿಂದು ಫ್ರೆಟ್‌ಬೋರ್ಡಿನ ಕಡೆಯ ಅಂಚಿನಲ್ಲೇ ಇರಬೇಕು. ಅರ ಹಿಡಿದು ಅಭ್ಯಾಸವಿಲ್ಲದಿದ್ದರೆ ಈ ಒಂದು ಕೆಲಸವನ್ನು ತಿಳಿದವರಿಗೆ ಒಪ್ಪಿಸುವುದೇ ಲೇಸು.

ನಿಮ್ಮ ಗಿಟಾರಿನಲ್ಲಿ ಆರೂ ಕೀಗಳು ಒಂದೇ ಸಾಲಿನಲ್ಲಿವೆ ಎಂದಿದ್ದೀರಿ. ಹಾಗಿದ್ದರೆ ತೆಳು ತಂತಿಗಳನ್ನು ಕೆಳಕ್ಕೆ ಒತ್ತಿ ಹಿಡಿಯುವ ಸಣ್ಣ ಲೋಹದ ಕೊಕ್ಕೆ, ಅಂದರೆ ಸ್ಟ್ರಿಂಗ್ ಟ್ರೀ, ಸಾಮಾನ್ಯವಾಗಿ ಅಲ್ಲಿರುತ್ತದೆ. ಅದರ ಅಡಿಗೂ ಪೆನ್ಸಿಲ್ ತಾಗಿಸಿ, ಬಿ ಮತ್ತು ತೆಳು ಇ ತಂತಿಗಳು ಅಲ್ಲೂ ಸಿಕ್ಕಿಕೊಳ್ಳುತ್ತವೆ. ಮೂರು ಕೀಗಳು ಒಂದು ಬದಿ, ಮೂರು ಇನ್ನೊಂದು ಬದಿ ಇರುವ ಗಿಟಾರುಗಳಲ್ಲಿ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಕೂಡಲೇ ಹೊರಕ್ಕೆ ಬಾಗುವುದರಿಂದ, ಅವು ಗಾಡಿಯ ಪಕ್ಕದ ಗೋಡೆಗೆ ಒತ್ತಿಕೊಂಡು ಇದೇ ಕಾಟವನ್ನು ಇನ್ನೂ ಹೆಚ್ಚಾಗಿ ಕೊಡುತ್ತವೆ.

ಇನ್ನು ತಂತಿ ಹಾಕುವ ರೀತಿ. ಕಂಬದ ಸುತ್ತ ತಂತಿ ಹೆಚ್ಚು ಸುತ್ತಿದಷ್ಟೂ ಭದ್ರ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಸರಿಯಲ್ಲ. ಒಂದರ ಮೇಲೊಂದು ಹತ್ತಿದ ಏಳೆಂಟು ಸುತ್ತುಗಳು ಪ್ರತಿ ಬೆಂಡ್‌ಗೂ ಸ್ವಲ್ಪ ಸ್ವಲ್ಪವೇ ಬಿಗಿದುಕೊಳ್ಳುತ್ತಾ ತಂತಿಯನ್ನು ಬಿಟ್ಟುಕೊಡುತ್ತವೆ. ಸುತ್ತು ಹೊದ್ದ ದಪ್ಪ ತಂತಿಗಳಿಗೆ ಎರಡರಿಂದ ಮೂರು, ನುಣುಪಾದ ತೆಳು ತಂತಿಗಳಿಗೆ ಮೂರರಿಂದ ನಾಲ್ಕು ಸುತ್ತು ಸಾಕು. ಅವು ಒಂದಕ್ಕೊಂದು ಅಂಟಿಕೊಂಡು ಮೇಲಿನಿಂದ ಕೆಳಕ್ಕೆ ಸಾಲಾಗಿ ಇಳಿಯಬೇಕು, ಎಲ್ಲಿಯೂ ಅಡ್ಡ ಹಾಯಬಾರದು. ತಂತಿಯನ್ನು ಬಿಗಿಯಾಗಿ ಎಳೆದು ಅದರ ಕೀಯನ್ನು ದಾಟಿ ಮುಂದಿನ ಒಂದೂವರೆ ಕೀಯಷ್ಟು ದೂರಕ್ಕೆ ಅಳತೆ ಮಾಡಿದರೆ ದಪ್ಪ ತಂತಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ, ತೆಳು ತಂತಿಗೆ ಎರಡು ಕೀಗಳಷ್ಟು ಬಿಡಿ. ದಪ್ಪ ತಂತಿಯನ್ನು ಕತ್ತರಿಸುವ ಮೊದಲು ಆ ಜಾಗದಲ್ಲಿ ಇಕ್ಕಳದಿಂದ ಚೂಪಾಗಿ ಮಡಿಸಿ, ಮಡಿಕೆಯಿಂದ ಆಚೆಗೆ ಕತ್ತರಿಸುವುದು ಒಳ್ಳೆಯದು. ಮಡಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯ ಮೇಲೆ ಸಡಿಲಗೊಂಡು ತಂತಿ ಜೀವ ಕಳೆದುಕೊಳ್ಳುವುದುಂಟು. ಸುತ್ತುವಾಗ ಇನ್ನೊಂದು ಕೈಯಿಂದ ತಂತಿಯನ್ನು ಬಿಗಿಯಾಗಿ ಹಿಡಿದಿರಿ, ಆದರೆ ತಿರುಚಬೇಡಿ.

ಹಾಕಿದ ಮೇಲೆ ತಂತಿಯನ್ನು ಎಳೆದು ಕೂರಿಸುವ ಕೆಲಸವನ್ನು ಹಲವರು ಬಿಟ್ಟುಬಿಡುತ್ತಾರೆ. ಶ್ರುತಿ ಮಾಡಿ, ಹನ್ನೆರಡನೆಯ ಫ್ರೆಟ್ ಬಳಿ ತಂತಿಯನ್ನು ಬೆರಳಿನಿಂದ ಒಂದೆರಡು ಸೆಂಟಿಮೀಟರ್ ಮೇಲೆತ್ತಿ ಬಿಡಿ, ಇಳಿದ ಶ್ರುತಿಯನ್ನು ಮತ್ತೆ ಏರಿಸಿ, ಮತ್ತೆ ಎತ್ತಿ. ನಾಲ್ಕೈದು ಬಾರಿ ಹೀಗೆ ಮಾಡಿದ ಮೇಲೆ ಎತ್ತಿ ಬಿಟ್ಟರೂ ಮುಳ್ಳು ಅಲುಗದ ಹಂತ ಬರುತ್ತದೆ. ಇಲ್ಲಿ ಉಕ್ಕು ಹಿಗ್ಗುವುದಕ್ಕಿಂತ ಹೆಚ್ಚಾಗಿ, ಕಂಬದ ಸುತ್ತುಗಳು ಬಿಗಿಯುತ್ತವೆ, ತಂತಿಯ ತುದಿಯ ಗುಂಡು ತನ್ನ ಜಾಗದಲ್ಲಿ ಕಚ್ಚಿಕೊಳ್ಳುತ್ತದೆ, ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಣುಕು) ಮೇಲಿನ ಬಾಗು ಚೂಪಾಗುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಿ. ಮೇಲೆ ಹೋದರೆ ಅಲ್ಲಿಂದಲೇ ಇಳಿಸಿ ನಿಲ್ಲಿಸದೆ, ಇನ್ನೂ ಕೆಳಕ್ಕೆ ಇಳಿಸಿ ಮತ್ತೆ ಏರಿಸಿ. ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲು ಉಳಿದು ಮೊದಲ ಬೆಂಡ್‌ಗೇ ತಂತಿ ಇಳಿಯುತ್ತದೆ.

ದಪ್ಪ ತಂತಿಯ ಇನ್ನೊಂದು ಪರಿಣಾಮ ಬ್ರಿಡ್ಜ್ ಮೇಲೆ ಆಗಿರುತ್ತದೆ. ನಿಮ್ಮ ಟ್ರೆಮೊಲೊ ತೇಲುವ ಬಗೆಯದಾದರೆ, ಅದು ತಂತಿಗಳ ಎಳೆತ ಮತ್ತು ಹಿಂಬದಿಯ ಸ್ಪ್ರಿಂಗ್‌ಗಳ ಎಳೆತ ಸರಿಸಮವಾದ ಜಾಗದಲ್ಲಿ ನಿಲ್ಲುತ್ತದೆ. 10ರ ಸೆಟ್ ಹೆಚ್ಚು ಎಳೆಯುವುದರಿಂದ ಬ್ರಿಡ್ಜ್‌ನ ಹಿಂಭಾಗ ಮೊದಲಿಗಿಂತ ಮೇಲೆದ್ದಿರುತ್ತದೆ. ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳನ್ನು ಹಿಡಿದಿರುವ ಪಟ್ಟಿಯ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿಸಿ, ಪ್ರತಿ ಸಲವೂ ಆರೂ ತಂತಿಗಳನ್ನು ಶ್ರುತಿ ಮಾಡಿ, ಬ್ರಿಡ್ಜ್‌ನ ಹಿಂಭಾಗ ಗಿಟಾರಿನ ಮೈಯಿಂದ ಸುಮಾರು 3 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುವವರೆಗೆ ಮುಂದುವರಿಸಿ. ಇದಕ್ಕೆ ತಾಳ್ಮೆ ಬೇಕು, ಒಂದು ತಂತಿಯನ್ನು ಏರಿಸಿದಾಗ ಉಳಿದ ಐದೂ ಇಳಿಯುತ್ತವೆ. ಅದೇ ಕಾರಣಕ್ಕೆ, ತೇಲುವ ಬ್ರಿಡ್ಜ್‌ನಲ್ಲಿ ಒಂದು ತಂತಿಯನ್ನು ಬೆಂಡ್ ಮಾಡಿ ಹಿಡಿದಿರುವಷ್ಟು ಹೊತ್ತು ಪಕ್ಕದ ತಂತಿಗಳು ಇಳಿಶ್ರುತಿಯಲ್ಲಿ ಕೇಳುವುದು ಅದರ ಸ್ವಭಾವ. ಬಿಟ್ಟ ಮೇಲೂ ಹಾಗೇ ಉಳಿದರೆ ಮಾತ್ರ ದೋಷ.

ಇಂಟೊನೇಷನ್ ಹೊಂದಿಸುವುದು, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವಂತೆ ತಂತಿಯ ಉದ್ದ ಹೊಂದಿಸುವುದು, ಇವೆಲ್ಲ ಮುಗಿದ ಮೇಲೆ. ಕುತ್ತಿಗೆಯ ಬಾಗು, ತಂತಿಯ ಎತ್ತರ, ಆಮೇಲೆ ಇಂಟೊನೇಷನ್ ಎಂಬ ಕ್ರಮವನ್ನು ಬದಲಿಸಬೇಡಿ, ಮೊದಲೆರಡು ಬದಲಾದರೆ ಮೂರನೆಯದು ತಾನಾಗಿ ಕೆಡುತ್ತದೆ. ಹನ್ನೆರಡನೆಯ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ತಾಗಿಸಿಯಷ್ಟೇ ಮೀಟಿದ ಸ್ವರ) ನುಡಿಸಿ ನೋಡಿ, ಅಲ್ಲೇ ಹಗುರವಾಗಿ ಒತ್ತಿ ಮೀಟಿ ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನಟ್‌ನಿಂದ ದೂರಕ್ಕೆ, ಇಳಿದಿದ್ದರೆ ನಟ್ ಕಡೆಗೆ ಸರಿಸಿ. ತಿಂಗಳುಗಳ ಹಳೆಯ, ಫ್ರೆಟ್ ತಾಗಿ ತಗ್ಗುಬಿದ್ದ ತಂತಿಯಲ್ಲಿ ಈ ಕೆಲಸ ಮಾಡಿದರೆ ಶ್ರಮ ವ್ಯರ್ಥ.

ಜಿ ತಂತಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇಲ್ಲದ ದೋಷವನ್ನು ಹುಡುಕುತ್ತಾ ಗಂಟೆಗಟ್ಟಲೆ ಕಳೆದವರನ್ನು ನಾನು ಕಂಡಿದ್ದೇನೆ. ಇ ಮೇಜರ್ ಕಾರ್ಡ್ ಹಿಡಿದಾಗ ಜಿ ತಂತಿಯ ಮೊದಲ ಫ್ರೆಟ್‌ನ ಸ್ವರ ಆ ಕಾರ್ಡಿನ ಮೇಜರ್ ಥರ್ಡ್ (ಮೂಲಸ್ವರದಿಂದ ನಾಲ್ಕು ಫ್ರೆಟ್ ಮೇಲಿನ ಸ್ವರ) ಆಗುತ್ತದೆ. ಗಿಟಾರಿನ ಫ್ರೆಟ್‌ಗಳು ಸಪ್ತಕವನ್ನು ಹನ್ನೆರಡು ಸಮಪಾಲಾಗಿ ವಿಂಗಡಿಸಿರುವುದರಿಂದ, ಆ ಸ್ವರ ಶುದ್ಧವಾದ 5:4 ಅನುಪಾತಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್‌ನ ಅಂತರದ ನೂರನೆಯ ಒಂದು ಪಾಲೇ ಒಂದು ಸೆಂಟ್) ಮೇಲಿರುತ್ತದೆ. ಒಳ್ಳೆಯ ಕಿವಿಗೆ ಅದು ಚುಚ್ಚುತ್ತದೆ. ನೀವು ಜಿ ತಂತಿಯನ್ನು ಸ್ವಲ್ಪ ಇಳಿಸಿ ಇ ಮೇಜರನ್ನು ಇಂಪಾಗಿಸಿದರೆ, ಸಿ ಮೇಜರಿನಲ್ಲೂ ಜಿ ಮೇಜರಿನಲ್ಲೂ ಖಾಲಿ ಜಿ ಇಳಿದು ಕೇಳುತ್ತದೆ. ಆದ್ದರಿಂದ ಮೇಲೆ ಹೇಳಿದ ಬೆಂಡ್ ಪರೀಕ್ಷೆಯನ್ನು ಕಾರ್ಡ್ ಕೇಳಿ ನಿರ್ಧರಿಸದೆ, ಖಾಲಿ ತಂತಿಯನ್ನು ಟ್ಯೂನರಿನಲ್ಲಿ ನೋಡಿಯೇ ನಿರ್ಧರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಶ್ರುತಿ ಇಳಿಯುತ್ತಲೇ ಇದ್ದರೆ ಆಗ ಕೀಯನ್ನು ನೋಡೋಣ. ಮೊದಲು ಗಿಟಾರಿನ ತಲೆಯ ಮುಂಭಾಗದಲ್ಲಿ ಕಂಬದ ಸುತ್ತ ಬಿಗಿಸುವ ನಟ್ಟು (ಮೇಲೆ ಹೇಳಿದ ನಟ್ ಅಲ್ಲ) ಮತ್ತು ಹಿಂಬದಿಯ ಸಣ್ಣ ಸ್ಕ್ರೂ ಇದ್ದರೆ ಅವು ಬಿಗಿಯಾಗಿವೆಯೇ ಎಂದು ಪರೀಕ್ಷಿಸಿ. ಬಳಿಕ ಕಂಬವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ, ಕೀಯ ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿ. ಕಂಬ ಓಲಾಡಿದರೆ, ಅಥವಾ ಹಿಡಿ ಕಾಲು ಸುತ್ತು ತಿರುಗಿದರೂ ಸ್ವರ ಬದಲಾಗದಿದ್ದರೆ, ಆ ಒಂದು ಕೀ ಸವೆದಿದೆ, ಅದನ್ನು ಬದಲಿಸಿ. ಉಳಿದ ಐದನ್ನು ತೆಗೆಯುವ ಅಗತ್ಯವಿಲ್ಲ.