ಉತ್ತರ: 3 ವರ್ಷದ ಸೈಕಲ್ ಕೊಟ್ಟು ಹೊಸದು ತಗೊಳ್ಳಲಾ?

ದಿನಾ ಕುಂಬಳೆಯಿಂದ ಕಾಸರಗೋಡಿಗೆ ಓಡಿಸುವ ಸೈಕಲ್, 3 ವರ್ಷಕ್ಕೇ ಚೈನ್ ಜಾರುತ್ತಿದೆ ಅಂದಿರಿ. ಅಷ್ಟಕ್ಕೇ ಹೊಸದು ಬೇಡ ಮಾರಾಯ್ರೆ. ಮೊದಲು ಚೈನ್ ಅಳೆಯಿರಿ. ಕೊಂಡಿಗಳನ್ನು ಜೋಡಿಸುವ ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಟ್ಟು, ಅದನ್ನು ಬಿಟ್ಟು ಮುಂದಿನ 24ನೇ ಪಿನ್ ತನಕ ನೋಡಿ. ಹೊಸ ಚೈನ್ ಆದರೆ ಸುಮಾರು 305 ಮಿ.ಮೀ. 307 ದಾಟಿದ್ದರೆ ಸವೆದಿದೆ ಅಂತಲೇ. ಹಾಗೇ ಓಡಿಸಿದರೆ ಫ್ರೀವೀಲಿನ, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಯ, ಹಲ್ಲುಗಳನ್ನೂ ತಿಂದು ಹಾಕುತ್ತದೆ, ಆಗ ಅದನ್ನೂ ಬದಲಿಸಬೇಕು.

ನಮ್ಮಲ್ಲಿ ಕಡಲಿನ ಉಪ್ಪುಗಾಳಿ, ಜೂನ್ ಬಂದರೆ ಮಳೆ. ಒರೆಸಿ ಎಣ್ಣೆ ಬಿಡದಿದ್ದರೆ ಯಾವ ಚೈನ್ ಬಾಳುತ್ತದೆ ಹೇಳಿ!

ನಾನು ಹೊಸದು ಕೊಂಡದ್ದು ಒಂದೇ ಸಲ. ಹಳೆಯದು ನನ್ನ ಎತ್ತರಕ್ಕೆ ಚಿಕ್ಕದು, ಸೀಟು ಎಷ್ಟು ಏರಿಸಿದರೂ ಮೊಣಕಾಲು ನೋಯುತ್ತಿತ್ತು. ನಿಮ್ಮ ಫ್ರೇಮಿನ ಬೆಸುಗೆ ಹತ್ತಿರ ಬಿರುಕೇನಾದ್ರೂ ಇದೆಯಾ? ಹೊಸದು ಬೇಕೋ ಬೇಡವೋ ಅನ್ನುವ ಮೊದಲು ಅದನ್ನೊಮ್ಮೆ ನೋಡಿ ಹೇಳಿ.